ಕೆರೆ ನೋಡಿ ದೋಣಿ ತಗೊಳ್ಳಿ, ರೀಲ್ಸ್ ನೋಡಿ ಅಲ್ಲ

1/8
ಫೋಟೋ ನೋಡಿ. ತುರುವೇಕೆರೆ ತಾಲ್ಲೂಕಿನ ಮಲ್ಲಾಘಟ್ಟ ಕೆರೆ, ಏರಿ ಮೇಲಿಂದ. ಆಚೆ ದಡದಲ್ಲಿ ತೆಂಗಿನ ಸಾಲು, ನಡುವೆ ಕನ್ನಡಿ ಥರ ನೀರು. ಇಂಥ ಫೋಟೋ ಹಾಕಿದಾಗಲೆಲ್ಲ ಇನ್‌ಬಾಕ್ಸಿಗೆ ಒಂದೇ ಪ್ರಶ್ನೆ ಬರುತ್ತೆ: "ಅಣ್ಣ, ಚಿಕ್ಕದೊಂದು ಪೆಡಲ್ ಕಯಾಕ್ ತಗೋಬೇಕು ಅಂತಿದೀನಿ. ಫ್ಯಾನ್ ಇರೋದಾ, ರೆಕ್ಕೆ ಇರೋದಾ?"

2025ರಲ್ಲಿ ಕೊಬ್ಬರಿ ಕ್ವಿಂಟಲ್ಲಿಗೆ 20,000 ದಾಟಿದ ಮೇಲೆ ಈ ಪ್ರಶ್ನೆ ಜಾಸ್ತಿ ಆಗಿದೆ. ತಪ್ಪೇನಿಲ್ಲ. ಆ ವರ್ಷ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ 12,100. ಮಾರ್ಕೆಟ್ಟಲ್ಲಿ ಅದಕ್ಕಿಂತ ಅಷ್ಟು ಮೇಲೆ ಸಿಕ್ಕರೆ ಯಾರಿಗಾದರೂ ಒಂದು ಆಸೆ ಹುಟ್ಟುತ್ತೆ. ಕೆಲವರು ಬೈಕ್ ತಗೊಂಡರು, ನೀವು ದೋಣಿ ತಗೊಳ್ಳಿ, ನನಗೆ ಸಂತೋಷವೇ. ಆದರೆ ನೀವು ನೋಡ್ತಿರೋ "ಟಾಪ್ 5 ಪೆಡಲ್ ಕಯಾಕ್" ವಿಡಿಯೋಗಳಿದಾವಲ್ಲ, ಅವು ಯಾರದೋ ನೀರಿಗೆ ಮಾಡಿದ್ದು. ವರ್ಷವಿಡೀ ತುಂಬಿರೋ ಸರೋವರ, ದಡಕ್ಕೆ ಕಾರು ಬರೋ ಸಿಮೆಂಟ್ ಇಳಿಜಾರು, ತಳದಲ್ಲಿ ಮರಳು. ನಮ್ಮ ಕೆರೆಗೂ ಅದಕ್ಕೂ ಏನು ಸಂಬಂಧ ಹೇಳಿ?

2/8
ಮೊದಲು ಎರಡು ಜಾತಿ ಯಾವುದು ಅಂತ ತಿಳ್ಕೊಳ್ಳಿ, ಗೊತ್ತಿರೋರು ಮುಂದಕ್ಕೆ ಹೋಗಿ.

ಫ್ಯಾನ್ ದೋಣಿ: ಸೈಕಲ್ ಥರ ಸುತ್ತಿ ತುಳಿಯೋದು. ದೋಣಿ ಹೊಟ್ಟೆಯ ಕಿಂಡಿಯಿಂದ ಒಂದು ಕಾಲು ಕೆಳಗಿಳಿದಿರುತ್ತೆ, ಅದರ ತುದಿಗೆ ಪ್ರೊಪೆಲ್ಲರ್. ಓಲ್ಡ್ ಟೌನ್ ಕಂಪನಿಯ ಯಂತ್ರದಲ್ಲಿ ನೀವು ಒಂದು ಸುತ್ತು ತುಳಿದರೆ ಫ್ಯಾನು ಸುಮಾರು 10 ಸುತ್ತು ತಿರುಗುತ್ತೆ. ಹಿಂದಕ್ಕೆ ತುಳಿದರೆ ದೋಣಿ ತಕ್ಷಣ ಹಿಂದಕ್ಕೆ.

ರೆಕ್ಕೆ ದೋಣಿ: ಅಮೆರಿಕದ ಹೋಬಿ ಕಂಪನಿ 1997ರಲ್ಲಿ ತಂದ ಮಿರಾಜ್ ಡ್ರೈವ್ ಇದರ ಮೂಲ. ಮೆಟ್ಟಿಲು ಹತ್ತಿದ ಹಾಗೆ ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಒತ್ತೋದು. ಕೆಳಗೆ ಎರಡು ರೆಕ್ಕೆ ಪೆಂಗ್ವಿನ್ ಥರ ಎಡಕ್ಕೆ ಬಲಕ್ಕೆ ಬಡಿಯುತ್ತೆ. ಒಂದು ಪೆಡಲ್ ಪೂರ್ತಿ ಮುಂದಕ್ಕೆ ಒತ್ತಿ ಹಿಡಿದರೆ ಎರಡೂ ರೆಕ್ಕೆ ದೋಣಿ ಹೊಟ್ಟೆಗೆ ಅಂಟಿಕೊಳ್ಳುತ್ತೆ. ಹಳೇ ಮಾದರಿಗೆ ರಿವರ್ಸ್ ಇರಲಿಲ್ಲ, 2015ರ ಸುಮಾರಿಗೆ ಅದನ್ನೂ ತಂದರು. ರಿವರ್ಸ್ ಇಲ್ಲದ್ದು ಈಗಲೂ ಸಿಗುತ್ತೆ, ಕೇಳಿ ತಗೊಳ್ಳಿ.

ಎರಡೂ ಕೆಲಸ ಮಾಡುವಾಗ ನೀರಿನ ಕೆಳಗೆ ಹೆಚ್ಚುಕಮ್ಮಿ ಒಂದೂವರೆ ಅಡಿ ಬೇಕು. ಈ ಒಂದೂವರೆ ಅಡಿ ನೆನಪಿಟ್ಕೊಳ್ಳಿ, ಜಗಳ ಇರೋದೇ ಅಲ್ಲಿ.

3/8
ಈ ಫೋಟೋ ಅದೇ ಕೆರೆಯ ಅಂಚು. ನೀರಿನಿಂದ ಮೇಲೆ ಬಂದಿರೋ ಕಪ್ಪು ಕಡ್ಡಿಗಳು ಕಾಣ್ತಿವೆಯಾ? ಜಾಲಿ.

ನಮ್ಮ ಕಡೆ ಕೆರೆಗಳು ವರ್ಷಗಟ್ಟಲೆ ಒಣಗಿ ಬಿದ್ದಿದ್ದ ಕಾಲದಲ್ಲಿ ಅಂಗಳದಲ್ಲಿ ಜಾಲಿ ಬೆಳೆದವು, ಕೆಲವು ಕಡೆ ಸಾಮಾಜಿಕ ಅರಣ್ಯದ ಹೆಸರಲ್ಲಿ ನೆಟ್ಟದ್ದೂ ಉಂಟು. ಆಮೇಲೆ ಗೊರೂರಿಂದ ಹೇಮಾವತಿ ನೀರು ಬಾಗೂರು-ನವಿಲೆ ಸುರಂಗ ದಾಟಿ ನಾಲೆಗೆ ಬಂತು, ನಾಲೆಯಿಂದ ಕೆರೆಗೆ ಬಂತು. 2022ರ ಮಳೆಗಂತೂ ಜಿಲ್ಲೆಯಲ್ಲಿ ಕೋಡಿ ಬೀಳದ ಕೆರೆ ಹುಡುಕಬೇಕಿತ್ತು. ಜಾಲಿ ನಿಂತಲ್ಲೇ ಮುಳುಗಿತು. ಸತ್ತರೂ ಬೇಗ ಕೊಳೆಯೋ ಮರ ಅಲ್ಲ ಅದು, ಗಾಡಿ ಅಚ್ಚಿಗೆ ಹಾಕ್ತಿದ್ದ ಮರ. ನೀರು ಒಂದಡಿ ಇಳಿದರೆ ತುದಿ ಕಾಣುತ್ತೆ, ಏರಿದರೆ ಕಾಣಲ್ಲ. ಕಾಣದೇ ಇರೋದೇ ಕಷ್ಟ.

ಜಾಲಿ ಒಂದೇ ಅಲ್ಲ. ಅಂಚಲ್ಲಿ ಜೊಂಡು. ಅಂತರಗಂಗೆ. ಅದರ ಕೆಳಗೆ ದಾರದ ಉಂಡೆ ಥರ ಪಾಚಿ. ತೋಟಕ್ಕೆ ಗೋಡು ಹೊಡೆಯೋಕೆ, ಇಟ್ಟಿಗೆ ಗೂಡಿಗೆ ಅಂತ ಜೆಸಿಬಿಯಲ್ಲಿ ತೆಗೆದ ಗುಂಡಿಗಳು ಬೇರೆ. ಮೊಣಕಾಲುದ್ದ ನೀರು ಅಂತ ಇಳಿದರೆ ಮುಂದಿನ ಹೆಜ್ಜೆಗೆ ಎರಡಾಳು ಆಳ. ಪ್ರತಿ ಮಳೆಗಾಲ ಪೇಪರಿನ ಒಳಪುಟದಲ್ಲಿ ಬರೋ ಸುದ್ದಿಗಳ ಹಿಂದೆ ಬಹಳ ಸಲ ಈ ಗುಂಡಿಗಳೇ ಇರ್ತವೆ.

4/8
ಈಗ ಹೊರೋ ವಿಷಯ. ಯಾವ ವಿಡಿಯೋದಲ್ಲೂ ಇದನ್ನ ಸರಿಯಾಗಿ ಹೇಳಲ್ಲ. ಎಷ್ಟು ಸ್ಪೀಡು ಹೋಗುತ್ತೆ ಅಂತಾರೆ, ಸೀಟು ಎಷ್ಟು ಮೆತ್ತಗಿದೆ ಅಂತಾರೆ, ಮೊಬೈಲ್ ಸ್ಟ್ಯಾಂಡ್ ತೋರಿಸ್ತಾರೆ.

ಹತ್ತಡಿ ಪೆಡಲ್ ಕಯಾಕ್ ಯಂತ್ರ, ಸೀಟು ಎಲ್ಲಾ ಸೇರಿ 30ರಿಂದ 50 ಕಿಲೋ ತೂಗುತ್ತೆ. 50 ಕಿಲೋ ಅಂದ್ರೆ ಅರ್ಧ ಕ್ವಿಂಟಲ್ ಕೊಬ್ಬರಿ. "ಅಷ್ಟೇನಾ, ಚೀಲ ಹೊತ್ತಿಲ್ವಾ" ಅಂತೀರಿ. ಚೀಲ ಬೆನ್ನಿಗೆ ಕೂರುತ್ತೆ ಸ್ವಾಮಿ. ಇದು ಹತ್ತಡಿ ಉದ್ದ, ಮೂರಡಿ ಅಗಲ, ಜಾರೋ ಪ್ಲಾಸ್ಟಿಕ್. ಸಿಂಟೆಕ್ಸ್ ಟ್ಯಾಂಕ್ ಮಾಡೋ ಥರವೇ, ಬಿಸಿ ಅಚ್ಚನ್ನ ತಿರುಗಿಸಿ ಎರಕ ಹೊಯ್ದದ್ದು. ಅದನ್ನ ಹಿಡ್ಕೊಂಡು ಏರಿಯ ಕಲ್ಲು ಕಟ್ಟಡದ ಮೇಲೆ ಇಳಿಬೇಕು. ಇಲ್ಲಾಂದ್ರೆ ಯಾರದೋ ತೋಟದ ಬದುವಿನ ಮೇಲೆ ನಡೀಬೇಕು. ನಾಲೆ ನೀರು ಬಂದಾಗ ಪರವಾಗಿಲ್ಲ, ನೀರೇ ದಡಕ್ಕೆ ಬಂದಿರುತ್ತೆ. ಮಾರ್ಚ್‌ನಲ್ಲಿ ಹೋಗಿ ನೋಡಿ, ನೀರು ಎಲ್ಲೋ ನಡುವೆ, ಅಲ್ಲಿವರೆಗೂ ಕಾಲು ಹೂತುಹೋಗೋ ಕೆಸರು.

ನಮ್ಮ ಮೀನುಗಾರರ ಹರಿಗೋಲು ನೋಡಿ. ಬಿದಿರಿನ ಬುಟ್ಟಿ, ಹೊರಗಡೆ ಟಾರ್ಪಾಲು, ಕೈಯಲ್ಲೊಂದು ಹುಟ್ಟು. ಒಬ್ಬನೇ ತಲೆ ಮೇಲೆ ಬೋರಲು ಹಾಕ್ಕೊಂಡು ಏರಿ ಇಳೀತಾನೆ. ಅರ್ಧ ಅಡಿ ನೀರಿದ್ದರೆ ತೇಲುತ್ತೆ. ಕೆಳಗೆ ಏನೂ ನೇತಾಡಲ್ಲ, ಆದ್ದರಿಂದ ಏನೂ ಸಿಕ್ಕಿಹಾಕ್ಕೊಳ್ಳಲ್ಲ. ಸ್ಪೀಡು? ಇಲ್ಲ. ನೇರ ಹೋಗುತ್ತಾ? ಗೊತ್ತಿಲ್ಲದವರು ಕೂತರೆ ನಿಂತಲ್ಲೇ ಗಿರಗಿರ. ಆದರೆ ಅದು ಈ ಕೆರೆ ನೋಡಿ ಹುಟ್ಟಿದ ದೋಣಿ. ಹರಿಗೋಲು ತಗೊಳ್ಳಿ ಅಂತ ನಾನು ಹೇಳ್ತಿಲ್ಲ. ಅದು ಪಾಸಾಗೋ ಪರೀಕ್ಷೆಯಲ್ಲಿ ನಿಮ್ಮ ಲಕ್ಷದ ದೋಣಿಯೂ ಪಾಸಾಗಬೇಕು ಅಂತಿದೀನಿ: ಇಬ್ಬರು ಹೊತ್ತು ಏರಿ ಇಳಿಸೋಕಾಗಬೇಕು, ಕೆಳಗೆ ನೇತಾಡೋದನ್ನ ಕಣ್ಣು ಮಿಟುಕಿಸೋದ್ರಲ್ಲಿ ಮೇಲಕ್ಕೆ ಎಳ್ಕೊಳ್ಳೋಕಾಗಬೇಕು.

5/8
ಅದಕ್ಕೇ ನನ್ನ ಮಾತು ನೇರವಾಗಿ: ನೊಣವಿನಕೆರೆ, ಮಲ್ಲಾಘಟ್ಟ, ಇಂಥ ನಾಲೆ ನೀರಿನ ಕೆರೆಗಳಿಗೆ ಫ್ಯಾನ್ ದೋಣಿ ಬೇಡ. ರೆಕ್ಕೆಯದ್ದು, ಅದರಲ್ಲೂ ಹಗುರವಾದ ಹತ್ತಡಿಯದ್ದು ತಗೊಳ್ಳಿ.

ಫ್ಯಾನ್ ಪಾರ್ಟಿಯವರು ಈಗ ಕಾಮೆಂಟಲ್ಲಿ ಬರ್ತೀರಿ ಅಂತ ಗೊತ್ತು. ನಿಮ್ಮ ವಾದ ಎರಡು. ಒಂದು, ರಿವರ್ಸ್. ಗಾಳಿ ತಳ್ಳಿ ಜಾಲಿ ಗುಂಪಿನೊಳಗೆ ಹಾಕಿದಾಗ ಹಿಂದಕ್ಕೆ ತುಳಿದು ಬರಬಹುದು. ನಿಜ, ಒಪ್ತೀನಿ. ಆದರೆ ಜಾಲಿ ಗುಂಪಿನೊಳಗೆ ಹೋಗೋ ಹೊತ್ತಿಗೆ ಫ್ಯಾನಿನ ಕಾಲು ಆಗಲೇ ಕೊಂಬೆಗೆ ಬಡಿದಿರುತ್ತೆ, ಇಲ್ಲಾ ಪಾಚಿ ಅದರ ಕತ್ತಿಗೆ ಹಗ್ಗ ಸುತ್ತಿದ ಹಾಗೆ ಸುತ್ತಿರುತ್ತೆ. ಆಗ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಯಂತ್ರವನ್ನ ಕಿಂಡಿಯಿಂದ ಮೇಲೆತ್ತಿ, ತೊಡೆ ಮೇಲಿಟ್ಟುಕೊಂಡು ಪಾಚಿ ಬಿಡಿಸಬೇಕು. ಅಲುಗಾಡೋ ದೋಣಿಯಲ್ಲಿ, ಗಾಳಿಯಲ್ಲಿ. ರೆಕ್ಕೆಗೆ ಪಾಚಿ ಸಿಕ್ಕಲ್ಲ ಅಂತ ಅಲ್ಲ, ಸಿಗುತ್ತೆ. ಸುತ್ತಿಕೊಳ್ಳಲ್ಲ, ಜೋತುಬೀಳುತ್ತೆ, ಒಂದೆರಡು ಸಲ ಜೋರಾಗಿ ಬಡಿದರೆ ಬಹಳಷ್ಟು ಬಿಟ್ಟುಹೋಗುತ್ತೆ. ನೀರು ತೀರಾ ಕಮ್ಮಿ ಇದ್ದಲ್ಲಿ ಪೆಡಲ್ಲನ್ನ ಗಿಡ್ಡಗಿಡ್ಡಕ್ಕೆ ಒತ್ತಿದರೆ ರೆಕ್ಕೆ ಹೊಟ್ಟೆಯ ಕೆಳಗೇ ಪಟಪಟ ಅನ್ನುತ್ತೆ, ದೋಣಿ ನಿಧಾನಕ್ಕೆ ಸಾಗುತ್ತೆ. ಫ್ಯಾನಿಗೆ ಆ ಮಧ್ಯದ ದಾರಿ ಇಲ್ಲ. ಇಳಿಸಬೇಕು, ಇಲ್ಲಾ ಎತ್ತಬೇಕು.

ಎರಡನೇ ವಾದ ರಿಪೇರಿ. ಇದು ಗಟ್ಟಿ ವಾದ. ಫ್ಯಾನಿನ ಯಂತ್ರ ಅಂದ್ರೆ ಗೇರು, ಬೇರಿಂಗು, ಶಾಫ್ಟು. ಲೇತ್ ಅಂಗಡಿಯವರಿಗೆ ಅರ್ಥವಾಗೋ ಭಾಷೆ. ರೆಕ್ಕೆಯ ಕಡ್ಡಿ ಬಾಗಿದರೆ ಪಾರ್ಟ್ ಹೊರದೇಶದಿಂದ ಬರಬೇಕು. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ, ತಗೊಳ್ಳುವಾಗಲೇ ಒಂದು ಜೊತೆ ರೆಕ್ಕೆ ಹೆಚ್ಚಿಗೆ ತರಿಸಿಡಿ ಅನ್ನೋದು ಬಿಟ್ಟರೆ. ಆದರೂ ಒಂದು ಮಾತು. ಮುರಿದ ಮೇಲೆ ರಿಪೇರಿ ಸುಲಭ ಅಂತ ಮುರಿಯೋದನ್ನೇ ತಗೊಳ್ಳೋದು ಯಾವ ಲೆಕ್ಕ?

ಬೋರನಕಣಿವೆ ಬೇರೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಆ ಜಲಾಶಯ ಕಣಿವೆಗೆ ಅಡ್ಡ ಕಟ್ಟಿದ್ದು, ತುಂಬಿದಾಗ ಕಟ್ಟೆ ಹತ್ತಿರ ಆಳ ಇದೆ, ಅಲ್ಲಿ ಫ್ಯಾನ್ ದೋಣಿ ಚೆನ್ನಾಗಿಯೇ ಓಡುತ್ತೆ. ಆದರೆ ಅದು ಎಷ್ಟು ವರ್ಷಕ್ಕೊಮ್ಮೆ ತುಂಬುತ್ತೆ ಅಂತ ಹುಳಿಯಾರು ಕಡೆಯವರನ್ನ ಕೇಳಿ, ಆಮೇಲೆ ದುಡ್ಡು ಕಟ್ಟಿ.

6/8
ಗಾಳಿ ತುಂಬೋ ಕಯಾಕ್ ಬಗ್ಗೆ ಕೇಳಿದ್ದೀರಿ. ಹಗುರ, ಮಡಚಿ ಬೈಕಲ್ಲಿ ತರಬಹುದು, ಬೆಲೆ ಕಮ್ಮಿ. ಜಾಲಿ ಮುಳ್ಳು ಚಪ್ಪಲಿ ತೂರಿ ಕಾಲಿಗೆ ಬರುತ್ತೆ. ಇನ್ನೇನು ಹೇಳಲಿ?

(ದೋಣಿ ಮನೆಗೆ ತಂದ ಮೇಲೆ ನೆರಳು ಅಂತ ತೆಂಗಿನ ಮರದ ಕೆಳಗೆ ಇಡಬೇಡಿ. ನಕ್ಕರೂ ಪರವಾಗಿಲ್ಲ. ಒಣ ಮಟ್ಟೆ ಬಿದ್ದರೆ ಕಾರಿನ ಗಾಜೇ ಉಳಿಯಲ್ಲ.)

7/8
ಈಗ ನನಗೆ ನಿಜವಾಗಿ ಸಿಟ್ಟು ಬರೋ ವಿಷಯ. ಮಾರೋರು ಹೇಳ್ತಾರೆ: "ಅಗಲ ಇದೆ ಸಾರ್, ಮಗುಚಲ್ಲ. ಈಜು ಬರಬೇಕು ಅಂತೇನಿಲ್ಲ."

ಅಗಲ ಇದೆ, ಬೇಗ ಮಗುಚಲ್ಲ, ನಿಜ. ಆದರೆ ನೀವು ಬೀಳೋದು ದೋಣಿ ಮಗುಚಿ ಅಲ್ಲ. ಫ್ಯಾನು ಬಿಡಿಸೋಕೆ ಬಗ್ಗಿ ಬೀಳ್ತೀರಿ. ಸೆಲ್ಫಿಗೆ ಎದ್ದು ನಿಂತು ಬೀಳ್ತೀರಿ. ಪಂಚೆ ಉಟ್ಟು ಕೂತು ಅದು ಪೆಡಲ್ಲಿಗೆ ಸುತ್ತಿ ಬೀಳ್ತೀರಿ. ಬಿದ್ದಾಗ ದೋಣಿ ಗಾಳಿಗೆ ಹೊರಟುಬಿಡುತ್ತೆ, ಖಾಲಿ ದೋಣಿ ಈಜೋರಿಗಿಂತ ಬೇಗ ಹೋಗುತ್ತೆ. ಕೆಳಗೆ ಜಾಲಿ, ಪಾಚಿ, ಗೋಡಿನ ಗುಂಡಿ. ಈಜು ಬರೋರೇ ಅಲ್ಲಿ ಸೋಲ್ತಾರೆ.

ದುಡ್ಡು ಕಮ್ಮಿ ಬಿದ್ದರೆ ದೋಣಿಯಲ್ಲಿ ಕಮ್ಮಿ ಮಾಡಿ, ಲೈಫ್ ಜಾಕೆಟ್ಟಲ್ಲಿ ಅಲ್ಲ. ಜಾಕೆಟ್ ಮೇಲೆ 50 ಎನ್ ಅಂತಿದ್ದರೆ ಅದು ಈಜು ಬರೋರಿಗೆ. ಬರದವರಿಗೆ 100 ಎನ್ ಬೇಕು, ಅದನ್ನ ಹಾಕ್ಕೊಂಡು ಮೊದಲು ಈಜು ಕಲೀಬೇಕು. ಸೀಟಿನ ಹಿಂದೆ ಕಟ್ಟಿಟ್ಟ ಜಾಕೆಟ್ ಸೀಟನ್ನ ಮಾತ್ರ ಕಾಪಾಡುತ್ತೆ. ಪೆಡಲ್ ಇದ್ದರೂ ಕೈ ಹುಟ್ಟು ಒಂದು ಇರಲೇಬೇಕು, ಹಗ್ಗ ಹಾಕಿ ಕಟ್ಟಿರಬೇಕು. ಎದೆಮಟ್ಟ ನೀರಲ್ಲಿ, ತಳ ಗೊತ್ತಿರೋ ಕಡೆ, ಬೇಕಂತಲೇ ಬಿದ್ದು ಮತ್ತೆ ದೋಣಿ ಹತ್ತೋದು ರೂಢಿ ಮಾಡ್ಕೊಳ್ಳಿ. ಮಧ್ಯೆ ಯಂತ್ರ ಇರೋದ್ರಿಂದ ಹತ್ತೋದು ನೀವಂದ್ಕೊಂಡಷ್ಟು ಸುಲಭ ಇಲ್ಲ.

ತೂಬಿನ ಹತ್ತಿರ ಹೋಗಲೇಬೇಡಿ. ತೂಬು ತೆಗೆದಿದ್ದರೆ ಮೇಲೆ ನೀರು ಶಾಂತವಾಗಿ ಕಾಣುತ್ತೆ, ಕೆಳಗೆ ಎಳೀತಿರುತ್ತೆ. ಕೋಡಿ ಹರಿಯುವಾಗಲೂ ಅಷ್ಟೇ. ಕೋಡಿ ಬಿದ್ದ ದಿನ ಫೋಟೋಗೆ ದೋಣಿ ಇಳಿಸ್ತೀನಿ ಅನ್ನೋರು ದಯವಿಟ್ಟು ಈ ಪೇಜ್ ಟ್ಯಾಗ್ ಮಾಡಬೇಡಿ.

8/8
ಕೊನೆಯದು ಬಲೆ. ಇದನ್ನ ಓದದೇ ಹೋಗಬೇಡಿ.

ಕೆರೆ ಖಾಲಿ ನೀರಲ್ಲ. ದೊಡ್ಡ ಕೆರೆಗಳ ಮೀನನ್ನ ಇಲಾಖೆ ಗುತ್ತಿಗೆ ಕೊಟ್ಟಿರುತ್ತೆ, ಬಹಳ ಕಡೆ ಮೀನುಗಾರರ ಸಹಕಾರ ಸಂಘಕ್ಕೆ. ಚಿಕ್ಕವು ಪಂಚಾಯ್ತಿ ಕೈಯಲ್ಲಿ. ಮರಿ ಬಿಟ್ಟು, ಕಾಟ್ಲಾ ರೋಹು ದೊಡ್ಡದಾಗೋವರೆಗೂ ಕಾದು, ಸಾಯಂಕಾಲ ಬಲೆ ಬಿಟ್ಟು, ಬೆಳಗ್ಗೆ ಎಳೆಯೋದು ಅವರ ಜೀವನ. ನೀವು ಬೆಳಗಿನ ಮಂಜಿನ ಫೋಟೋಗೆ ಹೋಗೋ ಹೊತ್ತೇ ಅವರ ಬಲೆ ನೀರಲ್ಲಿರೋ ಹೊತ್ತು. ನೀರ ಮೇಲೆ ತೇಲೋ ಖಾಲಿ ಬಾಟಲಿ, ಥರ್ಮಾಕೋಲ್ ಚೂರು ಕಸ ಅಂದ್ಕೊಳ್ಳಬೇಡಿ, ಅದು ಬಲೆಯ ಗುರುತು. ಫ್ಯಾನು ಹತ್ತು ಪಟ್ಟು ತಿರುಗುತ್ತೆ ಅಂದೆನಲ್ಲ, ಬಲೆಗೆ ಸಿಕ್ಕರೆ ಅಷ್ಟೇ ಬೇಗ ಸುತ್ತುತ್ತೆ. ಬಲೆ ಕುಯ್ಯದೇ ಬಿಡಿಸೋಕಾಗಲ್ಲ. ರೆಕ್ಕೆಯಾದರೆ ಹೊಟ್ಟೆಗೆ ಅಂಟಿಸಿ, ಚುಕ್ಕಾಣಿ ಎತ್ತಿ, ಹುಟ್ಟು ಹಾಕಿ ದಾಟಬಹುದು. ಫ್ಯಾನ್ ಬೇಡ ಅನ್ನೋಕೆ ನನಗೆ ಇದೊಂದೇ ಕಾರಣ ಸಾಕಿತ್ತು.

ಇಳಿಸೋ ಮುಂಚೆ ಸಂಘದವರನ್ನ, ಪಂಚಾಯ್ತಿಯವರನ್ನ ಕೇಳಿ. ಬಲೆ ಎಲ್ಲಿದೆ, ಜಾಲಿ ಎಲ್ಲಿದೆ, ಗುಂಡಿ ಎಲ್ಲಿದೆ, ಮೂರೂ ಅವರಿಗೆ ಗೊತ್ತು. ಬೇಡ ಅಂದರೆ ಬೇಡ. ಈಚನೂರು ಕೆರೆ ಮಾತ್ರ ಕೇಳಲೂ ಬೇಡಿ, ಅದು ತಿಪಟೂರಿಗೆ ಕುಡಿಯೋ ನೀರು.

ಈಗ ನೀವು ಹೇಳಿ. ನಿಮ್ಮ ಕೆರೆ ಯಾವುದು, ಮಾರ್ಚ್‌ನಲ್ಲಿ ನೀರು ಎಷ್ಟಿರುತ್ತೆ, ಏರಿಯಿಂದ ನೀರಿಗೆ ಎಷ್ಟು ಹೆಜ್ಜೆ? ಇಷ್ಟು ಬರೆದರೆ ಯಾವ ದೋಣಿ ಅಂತ ಕಾಮೆಂಟಲ್ಲೇ ಹೇಳ್ತೀನಿ. ಬ್ರ್ಯಾಂಡ್ ಹೆಸರು, ಬಣ್ಣ ಆಮೇಲೆ ನೋಡೋಣ.

#ತಿಪಟೂರು #ತುರುವೇಕೆರೆ #ಚಿಕ್ಕನಾಯಕನಹಳ್ಳಿ #ನಮ್ಮಕೆರೆ #ಪೆಡಲ್‌ಕಯಾಕ್ #ಕಲ್ಪತರುನಾಡು