ಕೆಂಪು ಗ್ರಹಕ್ಕೆ ಹಸಿರು ಹೊದಿಸುವ ಕಥೆ

ಮಂಗಳ ಗ್ರಹದ ಹೆಸರು ನಮ್ಮ ಮನೆಗಳಲ್ಲಿ ಬಹುಕಾಲ ಕೇಳಿಬರುತ್ತಿದ್ದುದು ಕನ್ಯೆ ನೋಡುವ ಸಂದರ್ಭದಲ್ಲಿ ಮಾತ್ರ. ಜಾತಕದ ಯಾವುದೋ ಮನೆಯಲ್ಲಿ ಕುಜನು ಕುಳಿತಿದ್ದಾನೆಂಬ ಒಂದೇ ಕಾರಣಕ್ಕೆ ಸುಶೀಲೆಯರಾದ ಹೆಣ್ಣುಮಕ್ಕಳ ಸಂಬಂಧಗಳು ಮುರಿದುಬಿದ್ದುದನ್ನು ನಾವೆಲ್ಲ ಬಲ್ಲೆವು. ಶರಣರ ಮಾರ್ಗದಲ್ಲಿ ನಡೆಯುವವರೆಂದು ಹೇಳಿಕೊಳ್ಳುವ ಮನೆಗಳಲ್ಲಿಯೂ ಈ ರೂಢಿ ಪೂರ್ಣವಾಗಿ ನಿಂತಿಲ್ಲವೆಂಬುದು ಬೇರೆಯೇ ಮಾತು. ಇಂದಿನ ಮಕ್ಕಳಿಗಾದರೋ ಮಂಗಳವು ದೋಷವಲ್ಲ, ಊರು. 2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಹೊರಟ ನಮ್ಮ ಮಂಗಳಯಾನ ನೌಕೆಯು 2014ರ ಸೆಪ್ಟೆಂಬರ್ 24ರಂದು ಆ ಗ್ರಹದ ಕಕ್ಷೆಯನ್ನು ಸೇರಿತು. ಬೆಂಗಳೂರಿನಿಂದಲೇ ನಿಯಂತ್ರಿತವಾಗುತ್ತಿದ್ದ ಆ ನೌಕೆಯು 2022ರವರೆಗೆ ನಮ್ಮೊಡನೆ ಸಂಪರ್ಕದಲ್ಲಿತ್ತು. ಅದನ್ನು ಕೇಳಿ ಬೆಳೆದ ಮಕ್ಕಳು, "ಅಲ್ಲಿ ಮನೆ ಕಟ್ಟಿ ಇರಬಹುದೇ? ಅಲ್ಲಿ ಗಿಡ ಬೆಳೆದರೆ ಈ ಭೂಮಿ ಯಾತಕ್ಕೆ ಬೇಕು?" ಎಂದು ಕೇಳಿದರೆ ಹಿರಿಯರಾದ ನಾವು ನಕ್ಕು ಸುಮ್ಮನಾಗುವುದು ತರವಲ್ಲ. ಇದೇ ಪ್ರಶ್ನೆಯನ್ನು ಅತ್ಯಂತ ಗಂಭೀರವಾಗಿ ಕೈಗೆತ್ತಿಕೊಂಡ ಒಂದು ಸಾಹಿತ್ಯವೇ ಇದೆ. ಈ ತಿಂಗಳು ಅದರ ಪರಿಚಯವನ್ನು ಮಾಡಿಕೊಡಬೇಕೆಂದು ನಾವು ಬಯಸಿದ್ದೇವೆ.

ಜೀವಿಗಳಿಲ್ಲದ ಗ್ರಹವೊಂದರ ಗಾಳಿ, ನೀರು, ಉಷ್ಣಗಳನ್ನು ಬದಲಿಸಿ ಅದನ್ನು ಭೂಮಿಯಂತೆ ಮಾಡುವ ಕೆಲಸಕ್ಕೆ ಆಂಗ್ಲದಲ್ಲಿ ಟೆರಾಫಾರ್ಮಿಂಗ್ ಎನ್ನುತ್ತಾರೆ. ನಾವು ಅದನ್ನು ಭೂಮಿಯಾಗಿಸುವಿಕೆ ಎಂದು ಕರೆಯಬಹುದು. ಸ್ವಾರಸ್ಯವೆಂದರೆ ಈ ಪದ ಹುಟ್ಟಿದ್ದು ಪ್ರಯೋಗಶಾಲೆಯಲ್ಲಿ ಅಲ್ಲ, 1942ರಲ್ಲಿ ಜ್ಯಾಕ್ ವಿಲಿಯಮ್ಸನ್ ಎಂಬ ಅಮೆರಿಕನ್ ಲೇಖಕನ ಕಥೆಯೊಂದರಲ್ಲಿ. 1951ರಲ್ಲಿ ಆರ್ಥರ್ ಕ್ಲಾರ್ಕ್ ತನ್ನ ಕಾದಂಬರಿಯಲ್ಲಿ ಮಂಗಳದ ಒಂದು ಚಂದ್ರನನ್ನೇ ಉರಿಸಿ ಎರಡನೆಯ ಸೂರ್ಯನನ್ನಾಗಿ ಮಾಡಿಬಿಟ್ಟ. ಇವೆಲ್ಲ ಓದಲು ರಂಜಕವೇ. ಆದರೆ ಈ ವಸ್ತುವಿಗೆ ನಿಜವಾದ ತೂಕ ಬಂದದ್ದು ಕ್ಯಾಲಿಫೋರ್ನಿಯಾದ ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ 1992, 1993 ಮತ್ತು 1996ರಲ್ಲಿ ಪ್ರಕಟಿಸಿದ ಮೂರು ಬೃಹತ್ ಕಾದಂಬರಿಗಳಿಂದ ಎಂಬುದು ನಮ್ಮ ಎಣಿಕೆ. ಅವುಗಳ ಹೆಸರುಗಳೇ ಕಥೆಯನ್ನು ಹೇಳುತ್ತವೆ: ಕೆಂಪು ಮಂಗಳ, ಹಸಿರು ಮಂಗಳ, ನೀಲಿ ಮಂಗಳ. ಮೊದಲು ಕಲ್ಲುಮಣ್ಣು, ಆಮೇಲೆ ಸಸ್ಯ, ಕೊನೆಗೆ ಸಮುದ್ರ.

ಕಥೆಯಲ್ಲಿ 2026ರಲ್ಲಿ ನೂರು ಜನ ವಿಜ್ಞಾನಿಗಳು ಮತ್ತು ತಂತ್ರಜ್ಞರು ಮಂಗಳಕ್ಕೆ ಹೊರಡುತ್ತಾರೆ. ಅವರಲ್ಲಿ ನಮ್ಮ ಮನಸ್ಸನ್ನು ಮೊದಲು ಸೆಳೆಯುವವಳು ಸೈಬೀರಿಯದ ನಾಡ್ಯಾ ಎಂಬ ಎಂಜಿನಿಯರ್. ಉಳಿದವರು ಗ್ರಹದ ಭವಿಷ್ಯವನ್ನು ಕುರಿತು ರಾತ್ರಿಯೆಲ್ಲ ವಾದಿಸುತ್ತಿದ್ದರೆ, ಈಕೆ ಮಂಗಳದ ಮಣ್ಣಿನಿಂದಲೇ ಇಟ್ಟಿಗೆ ಸುಡಿಸಿ, ಕಮಾನುಗಳನ್ನು ಎಬ್ಬಿಸಿ, ಕೊಳವೆಗಳನ್ನು ಜೋಡಿಸುತ್ತ, ಕೆಟ್ಟುನಿಂತ ಯಂತ್ರಗಳನ್ನು ರಿಪೇರಿ ಮಾಡುತ್ತ ಊರನ್ನು ಕಟ್ಟುತ್ತಾಳೆ. ಆ ಕೆಲಸದಲ್ಲಿ ಒಂದು ಬೆರಳನ್ನೂ ಕಳೆದುಕೊಳ್ಳುತ್ತಾಳೆ. ಮಾತನಾಡುವವರಿಗೂ ಮಾಡುವವರಿಗೂ ಇರುವ ಅಂತರವನ್ನು ಲೇಖಕರು ಎಲ್ಲಿಯೂ ಎತ್ತಿ ಹೇಳುವುದಿಲ್ಲ, ಆಕೆಯ ಕೈಗಳನ್ನು ತೋರಿಸುತ್ತಾರೆ ಅಷ್ಟೇ.

ಅಲ್ಲಿ ಊರು ಕಟ್ಟುವುದೆಂದರೆ ಏನೆಂಬುದನ್ನು ವಾಚಕರು ಗಮನಿಸಬೇಕು. ಮಂಗಳದ ವಾಯುವಿನ ಒತ್ತಡವು ನಮ್ಮ ಭೂಮಿಯದರ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆ ಒತ್ತಡದಲ್ಲಿ ನಮ್ಮ ದೇಹದ ಉಷ್ಣಕ್ಕೇ ನೀರು ಕುದಿಯತೊಡಗುತ್ತದೆ. ಇರುವ ಗಾಳಿಯಲ್ಲಿಯೂ 100ಕ್ಕೆ 95 ಪಾಲು ಇಂಗಾಲದ ಡೈಆಕ್ಸೈಡ್. ಸರಾಸರಿ ಚಳಿ ಸೊನ್ನೆಗಿಂತ 60 ಡಿಗ್ರಿಯಷ್ಟು ಕೆಳಗೆ. 2008ರಲ್ಲಿ ಫೀನಿಕ್ಸ್ ನೌಕೆಯು ಅಲ್ಲಿನ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಎಂಬ ವಿಷಕಾರಿ ಲವಣವನ್ನೂ ಕಂಡುಹಿಡಿಯಿತು. ಇಂಥ ಕಡೆ ಕಾದಂಬರಿಯ ಜನ ಆಳವಾದ ಬಾವಿಗಳನ್ನು ಕೊರೆದು ಗ್ರಹದ ಗರ್ಭದ ಕಾವನ್ನು ಮೇಲಕ್ಕೆ ತರುತ್ತಾರೆ, ಆಕಾಶದಲ್ಲಿ ದೊಡ್ಡ ಕನ್ನಡಿಗಳನ್ನು ನಿಲ್ಲಿಸಿ ಬಿಸಿಲನ್ನು ಹೆಚ್ಚಿಸುತ್ತಾರೆ, ಚಳಿಯನ್ನು ತಾಳಿಕೊಳ್ಳುವ ಪಾಚಿಯನ್ನೂ ಕಲ್ಲುಹೂವನ್ನೂ ಬಂಡೆಗಳ ಮೇಲೆ ಹಬ್ಬಿಸುತ್ತಾರೆ. ಕಲ್ಲುಹೂವೆಂದರೆ ನಮ್ಮ ತಾಯಂದಿರು ಮಸಾಲೆಗೆ ಹಾಕುವ, ಕೆಲವೆಡೆ ದಗಡದ ಹೂವೆಂದು ಕರೆಯುವ ಅದೇ ಜಾತಿಯದು. ಬರಿಯ ಕಲ್ಲಿನ ಮೇಲೆ ಬದುಕಬಲ್ಲ ಆ ಬಡಜೀವವೇ ಇಲ್ಲಿ ಒಂದು ಲೋಕಕ್ಕೆ ಮೊದಲ ಒಕ್ಕಲಾಗುತ್ತದೆ.

ಈಗ ಜಗಳಕ್ಕೆ ಬರೋಣ. ಆನ್ ಎಂಬ ಭೂವಿಜ್ಞಾನಿ ಇದನ್ನೆಲ್ಲ ಕಟುವಾಗಿ ವಿರೋಧಿಸುತ್ತಾಳೆ. ನೂರಾರು ಕೋಟಿ ವರ್ಷಗಳಿಂದ ಯಾರೂ ಮುಟ್ಟದೆ ಉಳಿದ ಈ ಶಿಲೆಗಳನ್ನು ನಮ್ಮ ಅನುಕೂಲಕ್ಕಾಗಿ ಕೆಡಿಸಲು ನಾವು ಯಾರು? ಜೀವವಿಲ್ಲದ ಮಾತ್ರಕ್ಕೆ ಒಂದು ವಸ್ತು ನಮ್ಮ ಸ್ವತ್ತಾಗುವುದೇ? ಇದು ಆಕೆಯ ವಾದದ ತಿರುಳು. ಸ್ಯಾಕ್ಸ್ ಎಂಬ ಭೌತವಿಜ್ಞಾನಿ ಇದಕ್ಕೆ ಉತ್ತರ ಕೊಡುತ್ತಾನೆ. ನೋಡುವ ಕಣ್ಣಿಲ್ಲದಿದ್ದರೆ ಶಿಲೆಗೆ ಸೌಂದರ್ಯವೆಲ್ಲಿಯದು, ಜೀವವನ್ನು ಹರಡುವುದೇ ನಾವು ವಿಶ್ವಕ್ಕೆ ಸಲ್ಲಿಸಬಹುದಾದ ಸೇವೆಯಲ್ಲವೇ ಎಂಬುದು ಅವನ ನಿಲುವು. ಮೊದಲ ಓದಿಗೆ ನಾವು ಸ್ಯಾಕ್ಸನ ಕಡೆಗೇ ವಾಲುತ್ತೇವೆ. ಬರಡಿಗೆ ನೀರೆರೆಯುವುದು ಪುಣ್ಯವೆಂದು ನಂಬಿ ಬಂದ ಒಕ್ಕಲುತನದ ಜನ ನಾವು. ಆದರೆ ಆನ್ ಕೇಳಿದ ಪ್ರಶ್ನೆ ಪುಸ್ತಕ ಮುಚ್ಚಿದ ಮೇಲೆಯೂ ಬೆನ್ನು ಬಿಡುವುದಿಲ್ಲ. ಯಾಕೆಂದರೆ ಗ್ರಹವನ್ನು ಬದಲಿಸುವ ಅಧಿಕಾರವನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ. ಗ್ರಹದ ಮೇಲೆ ಹರಡುತ್ತಿದ್ದ ಗಾಳಿಯಂತ್ರಗಳೊಳಗೆ ಅವರಲ್ಲೇ ಕೆಲವರು ಗುಟ್ಟಾಗಿ ಪಾಚಿಯನ್ನಿಟ್ಟು, ಚರ್ಚೆ ಮುಗಿಯುವ ಮೊದಲೇ ಕೆಲಸವನ್ನು ಆರಂಭಿಸಿಬಿಟ್ಟಿರುತ್ತಾರೆ. ಆಮೇಲೆ ಹಿಂದಕ್ಕೆ ತೆಗೆದುಕೊಳ್ಳುವುದೆಂತು?

ಕಥೆ ಮುಂದೆ ಕಹಿಯಾಗುತ್ತದೆ. ಭೂಮಿಯ ದೊಡ್ಡ ಕಂಪನಿಗಳು ಮಂಗಳದ ಖನಿಜಕ್ಕೆ ಕೈಹಾಕುತ್ತವೆ. ಆಯುಷ್ಯವನ್ನು ಬಹಳವಾಗಿ ಹೆಚ್ಚಿಸುವ ಚಿಕಿತ್ಸೆಯೊಂದು ದೊರೆತು, ಅದು ಉಳ್ಳವರಿಗೆ ಮಾತ್ರ ದಕ್ಕಿ, ಭೂಮಿಯಲ್ಲಿ ದಂಗೆಗಳೇಳುತ್ತವೆ. 2061ರ ಬಂಡಾಯದಲ್ಲಿ ಆಕಾಶಕ್ಕೆ ಕಟ್ಟಿದ್ದ ಉದ್ದನೆಯ ಹಗ್ಗವು ಕಡಿದುಬಿದ್ದು ಗ್ರಹದ ನಡುವಿಗೆ ಸುತ್ತಿಕೊಳ್ಳುತ್ತದೆ. ಹೊಸ ಲೋಕಕ್ಕೆ ಹೋದವರು ಹಳೆಯ ಲೋಭವನ್ನು ಹೊತ್ತೇ ಹೋಗಿದ್ದರೆಂಬುದು ಅಲ್ಲಿ ಬಯಲಾಗುತ್ತದೆ. ಆದರೂ ಆನ್ ಮತ್ತು ಸ್ಯಾಕ್ಸರ ಸಂಬಂಧ ಅಲ್ಲಿಗೇ ಮುಗಿಯುವುದಿಲ್ಲ. ಮೂರನೆಯ ಸಂಪುಟದಲ್ಲಿ ಮಂಗಳವು ಸ್ವತಂತ್ರವಾದಾಗ, ಗ್ರಹವನ್ನು ಬೆಚ್ಚಗಿಡುತ್ತಿದ್ದ ಆ ಕನ್ನಡಿಗಳನ್ನು ಆಕಾಶದಿಂದ ತೆಗೆಸಲು ಮುಂದಾಗುವವನು ಸ್ವತಃ ಸ್ಯಾಕ್ಸನೇ. ಎದುರಾಳಿಯ ಮಾತಿನಲ್ಲಿಯೂ ಸತ್ಯವಿದೆಯೆಂದು ಒಪ್ಪಿ, ತನ್ನ ಜೀವಮಾನದ ಕೆಲಸದಲ್ಲಿ ಒಂದು ಪಾಲನ್ನು ಬಿಟ್ಟುಕೊಡುವ ಈ ಭಾಗವೇ ಮೂರೂ ಸಂಪುಟಗಳಲ್ಲಿ ನಮಗೆ ಹೆಚ್ಚು ಮೆಚ್ಚುಗೆಯಾದದ್ದು.

ಇದೆಲ್ಲ ಆದೀತೇ ಎಂದು ಕೇಳುವವರಿಗೆ ನಡೆದ ಒಂದು ಪ್ರಸಂಗವನ್ನು ಹೇಳಬೇಕು. 1991ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅರಿಜೋನಾ ಪ್ರಾಂತದಲ್ಲಿ ಸುಮಾರು ಮೂರು ಎಕರೆಯ ಗಾಜಿನ ಮನೆಯೊಂದನ್ನು ಕಟ್ಟಿ, ಒಳಗೆ ಕಾಡು, ಹೊಲ, ಪುಟ್ಟ ಸಮುದ್ರಗಳನ್ನಿಟ್ಟು, ಎಂಟು ಜನರನ್ನು ಎರಡು ವರ್ಷ ಅದರೊಳಗೆ ಇರಿಸಿದರು. ಬಯೋಸ್ಫಿಯರ್-2 ಎಂಬುದು ಅದರ ಹೆಸರು. ಬೇರೆ ಗ್ರಹದಲ್ಲಿ ಹೀಗೆಯೇ ಬದುಕಬಹುದೇ ಎಂದು ನೋಡುವುದೂ ಅದರ ಒಂದು ಉದ್ದೇಶ. ಆದರೆ ದಿನ ಕಳೆದಂತೆ ಒಳಗಿನವರಿಗೆ ಏದುಸಿರು ಬರತೊಡಗಿತು. 100ರಲ್ಲಿ ಸುಮಾರು 21 ಪಾಲಿದ್ದ ಆಮ್ಲಜನಕ 14ರ ಸಮೀಪಕ್ಕೆ ಇಳಿದಿತ್ತು. ಫಲವತ್ತಾಗಲೆಂದು ಹಾಕಿದ ಮಣ್ಣಿನಲ್ಲಿನ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಉಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತಿದ್ದವು. ಗಿಡಗಳು ಅದನ್ನು ಮತ್ತೆ ಆಮ್ಲಜನಕವಾಗಿಸುವ ಮೊದಲೇ ಕಟ್ಟಡದ ಕಾಂಕ್ರೀಟು ಅದನ್ನು ಹೀರಿಕೊಳ್ಳುತ್ತಿತ್ತು. 1993ರಲ್ಲಿ ಹೊರಗಿನಿಂದ ಆಮ್ಲಜನಕವನ್ನು ತುಂಬಬೇಕಾಯಿತು. ಮೂರು ಎಕರೆಯ ಉಸಿರಿನ ಲೆಕ್ಕವೇ ಹೀಗೆ ತಪ್ಪಿತು. 2021ರಿಂದ 2023ರವರೆಗೆ ಮಂಗಳದ ಮೇಲೆಯೇ ನಾಸಾದ ಮಾಕ್ಸಿ ಎಂಬ ಉಪಕರಣವು ಅಲ್ಲಿನ ಗಾಳಿಯಿಂದ ಆಮ್ಲಜನಕವನ್ನು ತೆಗೆದು ತೋರಿಸಿದ್ದು ಹೆಮ್ಮೆಯ ಸಾಧನೆಯೇ. ಆದರೆ ಹದಿನಾರು ಬಾರಿ ನಡೆಸಿ ಪಡೆದ ಒಟ್ಟು ಮೊತ್ತ 122 ಗ್ರಾಂ. ಒಬ್ಬ ಮನುಷ್ಯನಿಗೆ ಮೂರು ನಾಲ್ಕು ತಾಸಿಗೆ ಸಾಲುವಷ್ಟು. ಅಲ್ಲದೆ, ಧ್ರುವಗಳಲ್ಲಿ ಹೆಪ್ಪುಗಟ್ಟಿದ ಇಂಗಾಲದ ಡೈಆಕ್ಸೈಡನ್ನೆಲ್ಲ ಕರಗಿಸಿದರೂ ಒತ್ತಡವು ಈಗಿನ ಎರಡರಷ್ಟಾದೀತೇ ಹೊರತು ಭೂಮಿಯದರ ಹತ್ತಿರಕ್ಕೂ ಬಾರದೆಂದು ಬ್ರೂಸ್ ಜಾಕೋಸ್ಕಿ ಮತ್ತು ಕ್ರಿಸ್ಟೋಫರ್ ಎಡ್ವರ್ಡ್ಸ್ 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ.

ಹಾಗೆಂದು ಮಕ್ಕಳ ಕೈಯಿಂದ ಈ ಪುಸ್ತಕಗಳನ್ನು ಕಸಿದುಕೊಳ್ಳುವುದು ಬೇಡ. ಉಸಿರು, ನೀರು, ಮಣ್ಣು ಇವು ಹೇಗೆ ಒಂದನ್ನೊಂದು ಹಿಡಿದು ನಿಂತಿವೆಯೆಂಬುದನ್ನು ಇಷ್ಟು ಚೆನ್ನಾಗಿ ಕಲಿಸುವ ಪಠ್ಯಪುಸ್ತಕಗಳು ವಿರಳ. ದೊಡ್ಡವರಾದ ಮಕ್ಕಳು ಅದೇ ಲೇಖಕರ 2015ರ ಅರೋರಾ ಎಂಬ ಕಾದಂಬರಿಯನ್ನೂ ಓದಲಿ. ಅದರಲ್ಲಿ ಸುಮಾರು ಎರಡು ಸಾವಿರ ಜನ ತಲೆಮಾರುಗಳ ಕಾಲ ಹಡಗಿನಲ್ಲಿ ಸಾಗಿ ಬೇರೊಂದು ನಕ್ಷತ್ರವನ್ನು ಸೇರುತ್ತಾರೆ. ದಾರಿಯುದ್ದಕ್ಕೂ ದೇವಿ ಎಂಬ ಗೃಹಿಣಿ-ಎಂಜಿನಿಯರ್ ಹಡಗಿನ ಮಣ್ಣಿನಲ್ಲಿ ರಂಜಕ ಎಷ್ಟು ಉಳಿದಿದೆ, ಎಷ್ಟು ಸೋರಿಹೋಯಿತು ಎಂಬ ಚಿಂತೆಯಲ್ಲೇ ಸವೆದು, ನೆಲವನ್ನು ಕಾಣದೆ ಸಾಯುತ್ತಾಳೆ. ಇಳಿದ ನೆಲದಲ್ಲಿ ಕಣ್ಣಿಗೆ ಕಾಣದ ಏನೋ ಒಂದು ತಗುಲಿ ಜನ ಸಾಯತೊಡಗಿದಾಗ, ಬದುಕಿದವರಲ್ಲಿ ಒಂದು ಗುಂಪು ಮರಳಿ ಭೂಮಿಯ ದಾರಿ ಹಿಡಿಯುತ್ತದೆ. ದೇವಿಯ ಮಗಳು ಫ್ರೇಯಾ ಅವರಲ್ಲೊಬ್ಬಳು. ಹುಟ್ಟಿದಂದಿನಿಂದ ಛಾವಣಿಯ ಕೆಳಗೇ ಬೆಳೆದ ಆಕೆಗೆ ಭೂಮಿಯ ಬಯಲು ಆಕಾಶವನ್ನು ಕಂಡರೇ ಕೈಕಾಲು ನಡುಗುತ್ತವೆ. ಏರಿದ ಸಮುದ್ರವು ನುಂಗಿದ ದಂಡೆಗಳನ್ನು ಮತ್ತೆ ಕಟ್ಟುತ್ತಿರುವ ಜನರ ನಡುವೆ ಆಕೆ ಬಂದು ನಿಲ್ಲುತ್ತಾಳೆ. ಆಮೇಲೆ ಒಂದು ದಿನ ಭಯವನ್ನು ಹಿಡಿದುಕೊಂಡೇ ನೀರಿಗಿಳಿಯುತ್ತಾಳೆ, ಅಲೆಗಳ ಹೊಡೆತಕ್ಕೆ ಬೀಳುತ್ತಾಳೆ, ಏಳುತ್ತಾಳೆ.