ಗಂಟಲಿಗೆ ಶ್ರುತಿಯೋ, ಶ್ರುತಿಗೆ ಗಂಟಲೋ?

ಹೋದ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಹಾರ್ಮೋನಿಯಂ ಮೇಷ್ಟರೂ ಬರಲಿಲ್ಲ, ತಬಲಾದವರೂ ಬರಲಿಲ್ಲ. ಬಂದದ್ದು ಒಂದು ಪೆನ್‌ಡ್ರೈವ್. ಕೊಳಲು, ವೀಣೆ, ತಬಲಾ ಎಲ್ಲ ಅದರೊಳಗೇ! ಏಳನೇ ತರಗತಿಯ ಒಬ್ಬ ಹುಡುಗಿ, ಒಳ್ಳೆಯ ಕಂಠದವಳು, ಮೇಲಿನ ಷಡ್ಜ ಮುಟ್ಟಲಾಗದೆ ಅತ್ತಳು. "ಟ್ರ್ಯಾಕ್ ಇರುವುದೇ ಹಾಗೆ, ಅವಳನ್ನು ಬಿಟ್ಟುಬಿಡಿ" ಎಂದರು. ಬಿಟ್ಟೆವು. ನಾನೂ ಬಾಯಿ ಮುಚ್ಚಿಕೊಂಡಿದ್ದೆ.

ಯಂತ್ರವೆಂದರೆ ಮೂಗು ಮುರಿಯುವವಳಲ್ಲ ನಾನು. ಎಚ್.ಎ.ಎಲ್.ನಲ್ಲಿ ಎಂಜಿನಿಯರಾಗಿದ್ದ, ಕೊಳಲನ್ನೂ ಬಲ್ಲ ಜಿ. ರಾಜ್ ನಾರಾಯಣ್ ಅವರು ನಮ್ಮ ಬೆಂಗಳೂರಿನಲ್ಲೇ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ತಂಬೂರಿ ಮೀಟಲು ಜನವಿಲ್ಲದ ಮನೆಯ ಹೆಂಗಸರೂ ಅದರಿಂದ ಹಾಡಿಕೊಂಡೆವು, ಒಲೆಯ ಮೇಲೆ ಹಾಲಿಟ್ಟೇ. ಅದಕ್ಕೊಂದು ತಿರುಪು, ತಿರುಗಿಸಿದರೆ ನಮ್ಮ ಶ್ರುತಿಗೆ ಅದೇ ಬರುತ್ತದೆ.

ಬ್ರೂಕ್‌ಫೀಲ್ಡಿನ ನಮ್ಮ ಮನೆಯಿಂದಲೇ ಐಟಿಪಿಎಲ್‌ಗೆ ಕೆಲಸಕ್ಕೆ ಹೋಗುವ ಅಕ್ಕನ ಮಗ ಒಂದು ಭಾನುವಾರ ಲ್ಯಾಪ್‌ಟಾಪ್ ತೆರೆದು ತೋರಿಸಿದ. "ಚಿಕ್ಕಮ್ಮ, ಮಿಡಿ ಅಂದ್ರೆ ನಾದ ಅಲ್ಲ, ಬರೀ ಅಪ್ಪಣೆ. ಯಾವ ಸ್ವರ, ಎಷ್ಟು ಹೊತ್ತು, ಎಷ್ಟು ಬಿರುಸು ಅಂತ. ಸ್ವರ, ಬಿರುಸು ಎರಡೂ 0ಯಿಂದ 127ರ ಅಂಕಿ. ನುಡಿಯೋದು ಸಾಫ್ಟ್‌ವೇರಿನ ವಾದ್ಯ." 1983ರಿಂದ ಇರುವ ಏರ್ಪಾಟಂತೆ. ಸ್ವರಗಳನ್ನೆಲ್ಲ ಒಟ್ಟಿಗೆ ಹಿಡಿದು ಎರಡು ಮನೆ ಕೆಳಗಿಳಿಸಿದ. ಹಾಡು ಇಳಿಯಿತು, ಲಯ ಕದಲಲಿಲ್ಲ. ಅರ್ಧ ನಿಮಿಷದ ಕೆಲಸ! ನನಗೆ ಮೈ ಉರಿಯಿತು. ಪೆನ್‌ಡ್ರೈವಿನಲ್ಲಿದ್ದದ್ದು ಅಡಿಗೆಯಾಗಿ ಇಳಿಸಿದ ಹಾಡು, ನಿಜ. ಮಾಡಿದವರ ಬಳಿ ಮಿಡಿ ಇತ್ತಲ್ಲ? ಕೇಳಿದ್ದರೆ ಇಳಿಸಿ ಕೊಡುತ್ತಿದ್ದರು. ಯಾರೂ ಕೇಳಲಿಲ್ಲ. ಯಂತ್ರ ಬಗ್ಗುತ್ತಿತ್ತು, ನಾವು ಮಗುವನ್ನು ಬಗ್ಗಿಸಲು ಹೋದೆವು.

ಗಮಕದ ಗತಿಯೂ ಇದೇ. ಹಾರ್ಮೋನಿಯಂ ಗಮಕ ನುಡಿಸಲಾರದೆಂದು 1940ರಲ್ಲಿ ರೇಡಿಯೊದವರು ಅದನ್ನು ಹೊರಗಿಟ್ಟರು. 1971ರವರೆಗೆ ಆ ನಿಷೇಧವಿತ್ತು. ಪಾಪ, ಅದರ ಮನೆಗಳು ನಿಜವಾಗಿ ಬಾಗುವುದಿಲ್ಲ. ಮಿಡಿಯಲ್ಲಿ ಸ್ವರ ಬಾಗುತ್ತದೆ, ಆದರೆ ಒಬ್ಬರು ಕೂತು ಕಿವಿಗೊಟ್ಟು ಬಾಗಿಸಬೇಕು. ಅದಕ್ಕೆ ಪುರುಸೊತ್ತು ಯಾರಿಗೆ? ಒಂದು ಗುಂಡಿ ಒತ್ತಿದರೆ ಸ್ವರಗಳೆಲ್ಲ ಪ್ರಾರ್ಥನೆಯ ಸಾಲಿನ ಮಕ್ಕಳಂತೆ ನೆಟ್ಟಗೆ ನಿಲ್ಲುತ್ತವೆ. ಅದನ್ನೇ ಸುಗಮ ಸಂಗೀತ ಎನ್ನುತ್ತೇವೆ.

ಹಾರ್ಮೋನಿಯಂ ಮೇಷ್ಟರು ಮೊದಲು "ಎಲ್ಲಿ ಮಗಾ, ಒಂದು ಸಲ ಹಾಡು" ಅನ್ನುತ್ತಿದ್ದರು. ಅವರ ಸಂಭಾವನೆ ಉಳಿಸಿದೆವು ಎಂದು ಬೀಗುವವರಿಗೆ ನಾನು ಹೇಳಿಬಿಟ್ಟಿದ್ದೇನೆ: ಟ್ರ್ಯಾಕ್ ಮಾಡುವವರು ಮೊದಲು ಬಂದು ಮಕ್ಕಳ ಕಂಠ ಕೇಳಲಿ, ಇಲ್ಲದಿದ್ದರೆ ಮೇಷ್ಟರನ್ನೇ ಕರೆಯಿರಿ. ಆ ಹುಡುಗಿ ಈಗ ಎಂಟನೇ ತರಗತಿ. ಮೊನ್ನೆ ಸ್ಟಾಫ್ ರೂಮಿಗೆ ಕರೆದು ಅದೇ ಹಾಡನ್ನು ಎರಡು ಮನೆ ಕೆಳಗೆ ಹಾಡಿಸಿದೆ. ಸಲೀಸಾಗಿ ಹಾಡಿದಳು.