ಹೊಸ ಬ್ಯಾಂಡಿನ ಹುಡುಗರಿಗೆ ಶಾಲು ಬೇಡ, ಸಮಯ ಕೊಡಿ

ನಮ್ಮ ಕಡೆ ಈಗ ಜಾತ್ರೆ ಕಾಲ. ವಾರಕ್ಕೊಂದು ತೇರು, ತೇರಿನ ರಾತ್ರಿ ಒಂದು ರಸಮಂಜರಿ. ಹೊರಗಿನಿಂದ ಬರುವ ಆರ್ಕೆಸ್ಟ್ರಾಕ್ಕೆ ಮುಂಗಡ ಕೊಟ್ಟು, ಊಟ ಹಾಕಿ, ಕೇಳಿದ ಲೈಟು, ಕೇಳಿದ ಸೌಂಡು ಕೊಡುತ್ತೇವೆ. ಅದೇ ವೇದಿಕೆಗೆ ನಮ್ಮೂರಿನ ಮಕ್ಕಳೇ ಒಂದು ಬ್ಯಾಂಡ್ ಕಟ್ಟಿಕೊಂಡು ಬಂದರೆ ಏನು ಕೊಡುತ್ತೇವೆ? ಒಂದು ಹಾರ, ಒಂದು ಶಾಲು, ಉಳಿದ ಸಮಯ. ನಮ್ಮ ತಕರಾರು ಇರುವುದು ಈ "ಉಳಿದ ಸಮಯ"ದ ಮೇಲೆ.

ಈ ವರ್ಷ ನಮ್ಮ ತಾಲ್ಲೂಕಿನ ಒಂದು ಜಾತ್ರೆಯಲ್ಲಿ ಅಕ್ಕಪಕ್ಕದ ಎರಡು ಊರುಗಳ 5 ಜನ ಸೇರಿ ಕಟ್ಟಿದ ಬ್ಯಾಂಡ್ ಮೊದಲ ಬಾರಿಗೆ ವೇದಿಕೆ ಹತ್ತಿತು. ಎರಡು ತಮಟೆ, ಒಂದು ಕೀಬೋರ್ಡ್, ಒಂದು ಗಿಟಾರ್, ಹಾಡಲು ಡಿಗ್ರಿ ಓದುತ್ತಿರುವ ಒಬ್ಬ ಹುಡುಗಿ. ಟ್ರ್ಯಾಕ್ ಹಾಕಿ ಸಿನಿಮಾ ಹಾಡು ಹೇಳುವವರಲ್ಲ. ತತ್ವಪದ, ಸೋಬಾನೆ ಪದಗಳನ್ನು ತಮ್ಮ ರೀತಿಯಲ್ಲಿ ಕೂಡಿಸಿಕೊಂಡಿದ್ದರು. ಎರಡು ಹಾಡು ಅವರೇ ಬರೆದದ್ದು. ಊರಿನ ಹೆಸರು, ಅವರ ಹೆಸರು ನಾವು ಬರೆಯುತ್ತಿಲ್ಲ. ಯಾಕೆಂದರೆ ಇದು ಒಂದೇ ಊರಿನ ಮಾತಲ್ಲ, ನಿಮ್ಮೂರಿನದೂ ಹೌದು.

ಅವರಿಗೆ ಹೇಳಿದ್ದ ಸಮಯ ರಾತ್ರಿ 8.30. ಆದರೆ ಉದ್ಘಾಟನೆ, ಸ್ವಾಗತ, ದಾನಿಗಳಿಗೆ ಸನ್ಮಾನ, ಮುಖಂಡರ ಭಾಷಣ ಮುಗಿದದ್ದು 9.40ಕ್ಕೆ. 10 ಗಂಟೆಗೆ ಪೊಲೀಸರು ಕೈ ತೋರಿಸಿದರು. 6 ಹಾಡು ಅಭ್ಯಾಸ ಮಾಡಿ ಬಂದಿದ್ದವರು 3 ಹಾಡಿ ಇಳಿದರು. ಬಿಟ್ಟುಹೋದ ಮೂರರಲ್ಲಿ ಅವರ ಸ್ವಂತ ಹಾಡು ಎರಡೂ ಇದ್ದವು.

ಪೊಲೀಸರನ್ನು ಬೈಯುವುದು ಸುಲಭ. ಆದರೆ ನಿಯಮ ಇವತ್ತಿನದಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆಂದು ಸರ್ಕಾರ ರಾತ್ರಿ 12ರವರೆಗೆ ವಿನಾಯಿತಿ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರುವಂತಿಲ್ಲ. ಇದು ಪ್ರತಿ ಜಾತ್ರೆ ಸಮಿತಿಗೂ ಗೊತ್ತು. ಗೊತ್ತಿದ್ದೂ ಭಾಷಣದಿಂದ ಒಂದು ನಿಮಿಷ ಕತ್ತರಿಸುವುದಿಲ್ಲ, ಹಾಡಿನಿಂದ ಕತ್ತರಿಸುತ್ತಾರೆ. ಭಾಷಣ ಮಾಡುವವರು ಮುಂದಿನ ವಾರ ಇನ್ನೊಂದು ವೇದಿಕೆಯಲ್ಲಿ ಮಾತಾಡುತ್ತಾರೆ. ಈ ಹುಡುಗರಿಗೆ ಮೊದಲ ವೇದಿಕೆ ಒಂದೇ ಸಲ ಬರುವುದು.

ಇನ್ನೊಂದು ವಿಷಯ ಕೇಳಿ. ಚರ್ಮದ ತಮಟೆಯನ್ನು ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸಬೇಕು. ಕಾದರೆ ಚರ್ಮ ಬಿಗಿಯುತ್ತದೆ, ನಾದ ಬರುತ್ತದೆ. ತಂಪು ಹೊಡೆದರೆ ಸಡಿಲವಾಗಿ ದಬ್ ದಬ್ ಅನ್ನುತ್ತದೆ. ಈ ಹುಡುಗರು 8.30ಕ್ಕೆ ಸರಿಯಾಗಿ ವೇದಿಕೆ ಹಿಂದೆ ತೆಂಗಿನಗರಿ ಉರಿಸಿ ಕಾಯಿಸಿಕೊಂಡಿದ್ದರು. ಒಂದು ಗಂಟೆ ಭಾಷಣ ಕೇಳಿ ಮುಗಿಯುವಷ್ಟರಲ್ಲಿ ತಮಟೆ ಇಳಿದುಹೋಗಿತ್ತು. ಮತ್ತೆ ಕಾಯಿಸಲು ಹೋದರೆ "ಟೈಮಿಲ್ಲ, ಹತ್ರಪ್ಪಾ" ಎಂದು ಮೈಕಿನಲ್ಲೇ ಕೂಗಿದರು. ಸೌಂಡಿನವರು ಕೀಬೋರ್ಡಿಗೆ, ಹಾಡುವವರಿಗೆ ಲೈನ್ ಕೊಟ್ಟರು. ತಮಟೆಗೆ ಮೈಕ್ ಕೇಳಿದ್ದಕ್ಕೆ "ಅದೇ ಜೋರಿದೆಯಲ್ಲ" ಎಂದರು. ಮುಂದೆ ಕೂತವರಿಗೆ ತಮಟೆಯಲ್ಲಿ ಗಿಟಾರ್ ಮುಚ್ಚಿಹೋಯಿತು. ಹಿಂದೆ ನಿಂತವರಿಗೆ ತಮಟೆಯೇ ಕೇಳಲಿಲ್ಲ. ಮರುದಿನ ಹೋಟೆಲಿನಲ್ಲಿ ಜನ ಹೇಳಿದ ಮಾತು: "ಹುಡುಗರಿಗೆ ಇನ್ನೂ ಸರಿಯಾಗಿ ಬರಲ್ಲ ಕಣ್ರೀ."

ಬರುವುದಿಲ್ಲ ಎಂದು ತೀರ್ಪು ಕೊಡುವ ಮುಂಚೆ ಬಾರಿಸಲು ಬಿಟ್ಟಿದ್ದೆವಾ ಎಂದು ಕೇಳಿಕೊಳ್ಳಬೇಕಲ್ಲವೇ?

ಈ ಬ್ಯಾಂಡಿನಲ್ಲಿ ತಮಟೆ ಬಾರಿಸುವ ಒಬ್ಬ ಹುಡುಗನ ಅಪ್ಪ ಅದೇ ಜಾತ್ರೆಯಲ್ಲಿ ವರ್ಷಗಳಿಂದ ತೇರಿನ ಮುಂದೆ ತಮಟೆ ಬಾರಿಸುತ್ತಾ ಬಂದವರು. ಬಿಸಿಲಲ್ಲಿ, ನೆಲದ ಮೇಲೆ ನಿಂತು. ಜಾತ್ರೆಯ ಕರಪತ್ರ ತೆಗೆದು ನೋಡಿ. ಹೂವಿನ ಅಲಂಕಾರ ಯಾರದು, ಮಜ್ಜಿಗೆ ಯಾರದು, ಶಾಮಿಯಾನ ಯಾರದು, ಎಲ್ಲ ಹೆಸರೂ ಫೋಟೋ ಸಮೇತ ಇರುತ್ತದೆ. ತಮಟೆಯವರ ಬಗ್ಗೆ "ಸಕಲ ವಾದ್ಯಗಳೊಂದಿಗೆ" ಎಂಬ ಎರಡೇ ಪದ. ವಾದ್ಯ ಇದೆ, ಬಾರಿಸುವ ಮನುಷ್ಯನಿಲ್ಲ. ಅಪ್ಪ ನೆಲದಲ್ಲಿ ನಿಂತ ಜಾಗದಲ್ಲೇ ಮಗ ವೇದಿಕೆ ಹತ್ತಿದ. ಇದು ಸಣ್ಣ ವಿಷಯ ಅಂತ ನಮಗೆ ಅನ್ನಿಸುವುದಿಲ್ಲ.

ತಮಟೆ ಹಿಡಿಯುವುದೇ ಬೇಡ ಎನ್ನುವ ಯುವಕರೂ ನಮ್ಮ ನಡುವೆ ಇದ್ದಾರೆ. ಸಾವು ಬಂದಾಗ, ಸಾರು ಹಾಕುವಾಗ ಒಂದೇ ಜಾತಿಯವರನ್ನು ಕರೆದು ಬಿಟ್ಟಿಯಾಗಿ ಬಾರಿಸಿಕೊಂಡ ಊರುಗಳಲ್ಲಿ ಅವರ ಸಿಟ್ಟಿಗೆ ಕಾರಣ ಇದೆ. ಅವರ ಮಾತನ್ನು ತಳ್ಳಿಹಾಕಬಾರದು. ಆದರೆ ಅದೇ ತಮಟೆ 1970, 80ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಸಿದ್ಧಲಿಂಗಯ್ಯನವರ ಹಾಡುಗಳ ಜೊತೆ ಊರೂರಲ್ಲಿ ಮೊಳಗಿತು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂತು. ವಾದ್ಯ ಅದೇ. ಕರೆದರೆ ಬರಲೇಬೇಕು ಎಂದು ಬಾರಿಸುವುದು ಬೇರೆ, ನನ್ನ ಹಾಡಿಗೆ ನಾನೇ ಬಾರಿಸುತ್ತೇನೆ ಎನ್ನುವುದು ಬೇರೆ. ಈ ಹುಡುಗರು ಎರಡನೆಯದನ್ನು ಮಾಡಲು ಬಂದಿದ್ದರು.

ಹಾಡಿದ ಹುಡುಗಿಯ ವಿಷಯಕ್ಕೆ ಬರೋಣ. ಕಾರ್ಯಕ್ರಮದ ವಿಡಿಯೋ ರಾತ್ರಿಯೇ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ಅವಳ ಹಾಡಿನ ಬಗ್ಗೆ ಬಂದ ಮಾತು ಕಡಿಮೆ. ಅವಳ ಬಟ್ಟೆ, ಅಷ್ಟು ಹೊತ್ತಿನಲ್ಲಿ ಗಂಡು ಹುಡುಗರ ಜೊತೆ ನಿಂತದ್ದು, ಇಂಥ ಮಾತೇ ಜಾಸ್ತಿ. ಜನರ ಬಾಯಿಗೆ ಎಷ್ಟು ಶಕ್ತಿ ಇದೆ ಎಂಬುದಕ್ಕೆ ದೂರದ ಒಂದು ಉದಾಹರಣೆ ಇದೆ. 2012ರ ಡಿಸೆಂಬರಿನಲ್ಲಿ ಶ್ರೀನಗರದ ಮೂವರು ಶಾಲಾ ಹುಡುಗಿಯರ "ಪ್ರಗಾಶ್" ಬ್ಯಾಂಡ್ ಸ್ಪರ್ಧೆಯೊಂದರಲ್ಲಿ ಮೊದಲ ಬಾರಿ ವೇದಿಕೆ ಹತ್ತಿ ಬಹುಮಾನವನ್ನೂ ಪಡೆಯಿತು. ಆಮೇಲೆ ಫೇಸ್‌ಬುಕ್ಕಿನಲ್ಲಿ ನಿಂದನೆ, ಬೆದರಿಕೆ. ಧರ್ಮಗುರುಗಳೊಬ್ಬರ ಫತ್ವಾ ಬೇರೆ. 2013ರ ಫೆಬ್ರುವರಿಯಲ್ಲಿ ಹುಡುಗಿಯರು ಬ್ಯಾಂಡ್ ನಿಲ್ಲಿಸಿದರು. ಕಾಶ್ಮೀರದವರು ಹಾಗೆ, ನಾವು ಹಾಗಲ್ಲ ಎಂದು ಎದೆ ತಟ್ಟಿಕೊಳ್ಳುವ ಮುಂಚೆ ನಮ್ಮ ನಮ್ಮ ವಾಟ್ಸಾಪ್ ಗುಂಪು ಒಮ್ಮೆ ತೆರೆದು ನೋಡೋಣ.

ಬೇರೆ ದಾರಿಯೂ ಇದೆ. ಬಿಹಾರದ ಪಟ್ನಾ ಹತ್ತಿರದ ಢಿಬ್ರಾ ಎಂಬ ಹಳ್ಳಿಯಲ್ಲಿ ಕೂಲಿ ಮಾಡುತ್ತಿದ್ದ ದಲಿತ ಮಹಿಳೆಯರು ಸೇರಿ ಬ್ಯಾಂಡ್ ಕಟ್ಟಿದರು. ಮದುವೆ ಮೆರವಣಿಗೆಯ ಡ್ರಮ್ಮು ಗಂಡಸರದ್ದೇ ಎಂದುಕೊಂಡಿದ್ದ ಕಡೆ ಇವರು ಡ್ರಮ್ ನೇತುಹಾಕಿಕೊಂಡಾಗ ಮನೆಯವರೂ ನಕ್ಕರು, ಊರೂ ನಕ್ಕಿತು. ಅವರು ಬಿಡಲಿಲ್ಲ. ಆಮೇಲೆ ದುಡ್ಡು ಕೊಟ್ಟು ಕರೆಸಿಕೊಳ್ಳುವವರು ಬಂದರು. ಕೈಗೆ ಕಾಸು ಬಂದ ಮೇಲೆ ನಗುವವರು ಸುಮ್ಮನಾದರು.

ಸಮಿತಿಯವರು ಹೇಳುವ ಮಾತು ನಮಗೆ ಗೊತ್ತಿದೆ. "ಜನ ಸಿನಿಮಾ ಹಾಡೇ ಕೇಳುತ್ತಾರೆ, ತತ್ವಪದಕ್ಕೆ ಯಾರು ಕೂರುತ್ತಾರೆ?" ಶಿಶುನಾಳ ಶರೀಫರ ಪದಗಳನ್ನು ಗಿಟಾರ್, ಡ್ರಮ್ಸ್ ಜೊತೆ ಹಾಡಿದ ಮೈಸೂರಿನ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಆ ಹಾಡುಗಳಿಗೆ ಹೊರದೇಶದಲ್ಲೂ ಜನ ಎದ್ದು ಕುಣಿದರು. ಶರೀಫರು ನಮ್ಮ ಹಾವೇರಿ ಜಿಲ್ಲೆಯ ಹಳ್ಳಿಯವರು. ಹಳ್ಳಿಯ ಪದ ಲಂಡನ್ನಿಗೆ ಹಿಡಿಸುತ್ತದೆ, ಹಳ್ಳಿಗೆ ಹಿಡಿಸುವುದಿಲ್ಲ ಎಂದರೆ ನಂಬುವುದು ಹೇಗೆ? ಅಂದಹಾಗೆ ಆ 3 ಹಾಡಿಗೆ ಜನ ಎದ್ದುಹೋಗಲಿಲ್ಲ. ಹೆಂಗಸರು ಸೋಬಾನೆಗೆ ದನಿಗೂಡಿಸಿದರು.

ಹಣದ ಮಾತೂ ಆಡಬೇಕು. ಹೊರಗಿನ ಆರ್ಕೆಸ್ಟ್ರಾಕ್ಕೆ ಕೊಟ್ಟಷ್ಟು ಇವರಿಗೂ ಕೊಡಿ ಎಂದು ನಾವು ಹೇಳುತ್ತಿಲ್ಲ. ಅವರಿಗೆ ಅನುಭವ ಇದೆ, ಲಾರಿ ಬಾಡಿಗೆ ಇದೆ. ಆದರೆ ಹೊಸಬರೂ ಗಿಟಾರ್ ತಂತಿ ತಂದಿರುತ್ತಾರೆ, ಬೈಕಿಗೆ ಪೆಟ್ರೋಲ್ ಹಾಕಿರುತ್ತಾರೆ, ಕೂಲಿಗೆ ರಜೆ ಹಾಕಿ ಅಭ್ಯಾಸ ಮಾಡಿರುತ್ತಾರೆ. "ಅವಕಾಶ ಕೊಟ್ಟಿದ್ದೇವಲ್ಲ" ಎಂಬ ಮಾತಿನಿಂದ ಪೆಟ್ರೋಲ್ ಬಂಕಿನಲ್ಲಿ ಏನೂ ಸಿಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ದೊಡ್ಡ ಕೆಲಸವೇನಲ್ಲ.

1. ಸ್ಥಳೀಯ ತಂಡಕ್ಕೆ ಭಾಷಣಕ್ಕಿಂತ ಮೊದಲು 30 ನಿಮಿಷ ಕೊಡಿ. 7 ಗಂಟೆಗೆ ಜನ ಸೇರುವ ಹೊತ್ತಿಗೆ ಅವರು ಹಾಡುತ್ತಿರಲಿ. ಮುಖಂಡರು ತಡವಾಗಿ ಬಂದರೂ ಹಾಡು ನಿಲ್ಲುವುದಿಲ್ಲ.

2. ಸಂಜೆ 4ಕ್ಕೆ ಸೌಂಡ್ ಜೋಡಿಸಿದ ಕೂಡಲೇ 15 ನಿಮಿಷ ಅವರಿಗೆ ಮೈಕ್ ಪರೀಕ್ಷೆ ಮಾಡಲು ಬಿಡಿ. ತಮಟೆಗೂ ಒಂದು ಮೈಕ್ ಇರಲಿ.

3. ಎಷ್ಟು ಕೊಡುತ್ತೀರಿ ಎಂದು ಮೊದಲೇ ಹೇಳಿ. ಕಾರ್ಯಕ್ರಮ ಮುಗಿದ ರಾತ್ರಿಯೇ ಕೈಗೆ ಕೊಡಿ. ಶಾಲಿನ ದುಡ್ಡನ್ನೂ ಅದಕ್ಕೇ ಸೇರಿಸಿ.

4. ಕರಪತ್ರದಲ್ಲಿ ಹೆಸರು ಹಾಕಿ. ಬ್ಯಾಂಡಿನವರದ್ದು ಮಾತ್ರವಲ್ಲ, ತೇರಿನ ಮುಂದೆ ಬಾರಿಸುವವರದ್ದೂ.

5. ಹಾಡಲು ಬಂದ ಹೆಣ್ಣುಮಕ್ಕಳನ್ನು ಮನೆಗೆ ಮುಟ್ಟಿಸುವ ವ್ಯವಸ್ಥೆ ಸಮಿತಿಯದ್ದಾಗಿರಲಿ.

ಬ್ಯಾಂಡ್ ಕಟ್ಟಿಕೊಂಡ ಗೆಳೆಯರಿಗೂ ಒಂದು ಮಾತು. ನಿಮ್ಮ ಸ್ವಂತ ಹಾಡನ್ನು ಕೊನೆಗೆ ಇಟ್ಟುಕೊಳ್ಳಬೇಡಿ, ಎರಡನೆಯದಾಗಿ ಹಾಡಿ. ನಮ್ಮ ವೇದಿಕೆಗಳಲ್ಲಿ ಕೊನೆಯ ಹಾಡಿಗೆ ಗ್ಯಾರಂಟಿ ಇಲ್ಲ. ಮಂಜು ಬೀಳುವ ರಾತ್ರಿಗೆ ಫೈಬರ್ ತಮಟೆಯೊಂದನ್ನು ಜೊತೆಗಿಟ್ಟುಕೊಳ್ಳಿ. ನಾದ ಚರ್ಮದಷ್ಟು ಬರುವುದಿಲ್ಲ ನಿಜ, ಆದರೆ ಭಾಷಣ ಎಷ್ಟು ಉದ್ದವಾದರೂ ಅದು ಇಳಿಯುವುದಿಲ್ಲ.

ನಿಮ್ಮೂರಿನ ಜಾತ್ರೆ ಇನ್ನೂ ಮುಂದಿದೆಯೇ? ಕರಪತ್ರ ಪ್ರೆಸ್ಸಿಗೆ ಹೋಗುವ ಮುಂಚೆ ಸಮಿತಿಯ ಒಬ್ಬರಿಗಾದರೂ ಇದನ್ನು ಓದಿ ಹೇಳಿ.